ಕೂಗವ್ವನ ಹೆಸರು

ನಮ್ಮಜ್ಜಿಯ ಅಜ್ಜಿಗೂ ಅಜ್ಜಿ ಹುಟ್ಟುವ ಮೊದಲು ಮಂಜಿನಕೋಟೆ ಎಂಬ ರಾಜ್ಯವಿತ್ತು. ಅಲ್ಲಿ ಕುಂಬಾರರಿದ್ದರು, ಕಮ್ಮಾರರಿದ್ದರು, ಅರಮನೆಯ ಆನೆಗಳ ಉಗುರು ಕತ್ತರಿಸಿ ಬದುಕುವವರೂ ಇದ್ದರು. ಅವರೆಲ್ಲರಿಗಿಂತ ವಿಚಿತ್ರ ಕಸುಬು ಒಬ್ಬ ವಿಧವೆಯದು.

ಊರನ್ನು ಸುತ್ತಿದ್ದ ಮಂಜಿನಲ್ಲಿ ಜನರ ಹೆಸರು ನುಂಗುವ ಧೂಮಕರ್ಣನೆಂಬ ಮಾಂತ್ರಿಕನಿದ್ದ. ಹೊರಗೆ ಹೋದವರನ್ನು ಸೂರ್ಯ ಮುಳುಗುವುದರೊಳಗೆ ಹೆಸರು ಹಿಡಿದು ಕೂಗದಿದ್ದರೆ ಅವರು ಮನೆಯ ದಾರಿ ಮರೆತು ಅವನ ಪಾಲಾಗುತ್ತಿದ್ದರು. ಅದಕ್ಕೇ ಆ ವಿಧವೆ ದಿನವೂ ಕೋಟೆಗೋಡೆ ಹತ್ತಿ ಒಬ್ಬೊಬ್ಬರನ್ನೇ ಕೂಗುತ್ತಿದ್ದಳು.

ಊರಿಗೆಲ್ಲ ಅವಳು ಕೂಗವ್ವ. ಗಂಡ ಇದ್ದಷ್ಟು ದಿನ ‘ಏ ಇವಳೇ’ ಎಂದ, ಮಗಳು ಇರುವಂತಿ ‘ಅವ್ವಾ’ ಎಂದಳು. ಗೋಡೆಯ ಮೇಲೇ ಇರುವವಳನ್ನು ಕೂಗುವ ಪ್ರಮೇಯವೆಲ್ಲಿ? ನಿಜವಾದ ಹೆಸರನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆ ಕಸುಬಿಗೊಂದು ಕಟ್ಟಳೆಯಿತ್ತು. ಊರವರ ಹೆಸರು ಮೊದಲು, ತನ್ನ ಮನೆಯವರದು ಕಡೆಗೆ. ಒಂದು ಸಂಜೆ ಕಡೆಯ ಹೆಸರಿಗೆ ಬರುವಷ್ಟರಲ್ಲಿ ಕೂಗವ್ವನ ಗಂಟಲು ಕಟ್ಟಿತು. ಬಾಯಿ ತೆರೆದಳು, ಬರೀ ಗಾಳಿ ಬಂತು. ಸೂರ್ಯ ಮುಳುಗಿದ. ಸೌದೆಗೆ ಹೋಗಿದ್ದ ಇರುವಂತಿ ಮರಳಲಿಲ್ಲ.

“ಆ ಕಟ್ಟಳೆಗಿಷ್ಟು ಬೆಂಕಿ ಹಾಕ!” ಎಂದು ಒಡೆದ ದನಿಯಲ್ಲೇ ಎದೆ ಎದೆ ಬಡಿದುಕೊಂಡು ಅತ್ತಳು. ಬೆಳಗಾಗುತ್ತಲೇ ಮಂಜಿನೊಳಗೆ ನಡೆದಳು.

ಧೂಮಕರ್ಣನ ಮನೆಗೆ ಮೂರು ಬಾಗಿಲು. ಮೊದಲ ಬಾಗಿಲಲ್ಲಿ ಕಲ್ಲಿನ ಹುಲಿ. “ಹೆತ್ತವಳ ಹೆಸರು ಕೊಟ್ಟು ಹೋಗು” ಎಂದಿತು. ಕೊಟ್ಟಳು. ತಾಯಿಯ ಮುಖ ಮನಸ್ಸಿನಿಂದ ಅಳಿಸಿಹೋಯಿತು.

ಎರಡನೆಯ ಬಾಗಿಲಲ್ಲಿ ಎರಡು ತಲೆಯ ಹಾವು. “ಗಂಡನ ಹೆಸರು ಕೊಟ್ಟು ಹೋಗು” ಎಂದಿತು. ಅವನು ಬದುಕಿದ್ದಾಗ ಗೋಡೆಯ ಮೇಲಲ್ಲದೆ ಬೇರೆಲ್ಲೂ ನುಡಿಯದ ಹೆಸರನ್ನು ಅಂದು ನುಡಿದಳು. ಆಮೇಲೆ ಕಣ್ಣೀರು ಬಂತು, ಯಾರಿಗಾಗಿ ಎಂಬುದು ತಿಳಿಯಲಿಲ್ಲ.

ಮೂರನೆಯ ಬಾಗಿಲಲ್ಲಿ ಧೂಮಕರ್ಣನೇ ಕೂತಿದ್ದ. “ನಿನ್ನ ಹೆಸರು ಕೊಡು. ಕೊಟ್ಟರೆ ನೀನು ಯಾರೆಂದು ನಿನಗೇ ತಿಳಿಯುವುದಿಲ್ಲ. ಮಗಳ ಗುರುತೂ ಸಿಗುವುದಿಲ್ಲ.”

“ಅವಳು ಮನೆಗೆ ಹೋಗ್ತಾಳಾ?”

“ಹೋಗುತ್ತಾಳೆ.”

“ಹಂಗಾದ್ರೆ ತಗೋ. ನಂಗ್ಯಾಕೆ ಅದು?” ಎಂದು ಅವನ ಕಿವಿಯಲ್ಲಿ ಉಸುರಿದಳು.

ಮಾಂತ್ರಿಕ ಗುಳುಂ ಎಂದು ನುಂಗಿದ. ಮೂವತ್ತು ವರ್ಷ ಯಾರೂ ಕರೆಯದ ಹೆಸರು ಒಣಗಿ ಕಲ್ಲಾಗಿತ್ತು. ಅದು ಅವನ ಗಂಟಲಲ್ಲಿ ಸಿಕ್ಕಿಕೊಂಡಿತು. ಕೆಮ್ಮಿದ, ಕಣ್ಣು ಮೇಲೆ ಮಾಡಿದ, ನುಂಗಿದ್ದ ಬೇರೆಲ್ಲ ಹೆಸರುಗಳನ್ನು ಕಾರಿ ಸತ್ತ. ಗಂಟಲಲ್ಲಿದ್ದ ಹೆಸರು ಅವನ ಜೊತೆಗೇ ಹೊಗೆಯಾಯಿತು.

ಮಂಜು ಕರಗಿತು. ಕಳೆದುಹೋದವರೆಲ್ಲ ಎದ್ದುಬಂದರು. ಇರುವಂತಿ ಓಡಿಬಂದು ತಬ್ಬಿಕೊಂಡಳು. “ಅವ್ವಾ!”

“ಯಾರವ್ವ ನೀನು? ಯಾಕೆ ಅಳ್ತೀಯ?”

ಮಗಳು ಅವಳನ್ನು ಕೈಹಿಡಿದು ಊರಿಗೆ ತಂದಳು. ಹೆಸರು ಹಿಡಿದು ಕರೆದರೆ ನೆನಪು ಮರಳೀತು ಎಂದರು ಹಿರಿಯರು. ಯಾವ ಹೆಸರು? ಇಡೀ ರಾಜ್ಯದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ದಿನಾ ಅವಳ ಕೂಗಿಗೆ ಮನೆ ಸೇರಿದವರು ತಲೆ ತಗ್ಗಿಸಿ ನಿಂತರು.

ಆಮೇಲೆ ಮಂಜಿನಕೋಟೆಯಲ್ಲಿ ಎಲ್ಲರೂ ಉಂಡುಟ್ಟು ಸುಖವಾಗಿದ್ದರು. ಕೂಗುವ ಕಸುಬೇ ಬೇಡವಾಯಿತು. ಇರುವಂತಿ ಮಾತ್ರ ಸಂಜೆ ಸಂಜೆ ಗೋಡೆ ಹತ್ತುತ್ತಾಳೆ. “ನೀಲವ್ವಾ! ದೇವೀರವ್ವಾ! ತಿಮ್ಮವ್ವಾ!” ಎಂದು ಲೋಕದ ಹೆಸರುಗಳನ್ನೆಲ್ಲ ಒಂದೊಂದಾಗಿ ಕೂಗುತ್ತಾಳೆ, ಒಂದಾದರೂ ಅವ್ವನದಾಗಿರಲಿ ಎಂದು.

ಕೆಳಗೆ ಕಟ್ಟೆಯ ಮೇಲೆ ಕೂತ ಮುದುಕಿ ಕತ್ತೆತ್ತಿ ನೋಡುತ್ತಾಳೆ. ಅವಳಿಗೆ ಸಂಕಟವಾಗುತ್ತದೆ.

“ಯಾರ ಮಗಳೋ ಪಾಪ,” ಎನ್ನುತ್ತಾಳೆ. “ಗಂಟಲು ಕಟ್ಟೋದರೊಳಗೆ ನಿನ್ನ ಮನೆಯವರನ್ನ ಮೊದಲು ಕೂಗಿಬಿಡವ್ವಾ.”