ಉಸಿರು ಹಿಡಿದು ಹೇಳುವ ಆಟ

ಬಾಗಿಲು ಬಡಿದ ರೀತಿಯಲ್ಲೇ ಸಿಟ್ಟಿತ್ತು. ಶಾಂಭವಿ ಚಿಲಕ ತೆಗೆದು, ಒಳಗೇನೂ ಕಾಣದಂತೆ ಅರ್ಧ ಬಾಗಿಲಿಗೆ ಅಡ್ಡ ನಿಂತಳು. ಎದುರಿಗೆ ಪಕ್ಕದ ರೂಮಿಗೆ ಹೊಸದಾಗಿ ಬಂದವನು, ಬಸಲಿಂಗ. ಪೀಣ್ಯದ ವರ್ಕ್‌ಶಾಪಿನ ನೀಲಿ ಅಂಗಿಯನ್ನು ಇನ್ನೂ ಬದಲಿಸಿರಲಿಲ್ಲ. ಕೈಯಲ್ಲಿದ್ದ ಫೋನಿನೊಳಗೆ ಕಬಡ್ಡಿ ನಡೆದಿತ್ತು.

"ರೀ, ನಿಮ್ಮ ಬಾಯಿಗೆ ಕೈ ಮುಗೀತೀನಿ. ನೀವು ಔಟ್ ಅಂತ ಒದರಿದ ಮ್ಯಾಲೂ ನನ್ನ ಫೋನಿನ್ಯಾಗ ರೇಡರ್ ಇನ್ನಾ ಗೆರೀನ ದಾಟಿರಂಗಿಲ್ಲ. ಮುಂದಿಂದು ಗೊತ್ತಾದ ಮ್ಯಾಲ ನಾ ಏನ್ ನೋಡ್ಲಿ?"

"ನಿಮ್ಮ ಫೋನ್ ಹಿಂದ ಬಿದ್ರ ನಾ ಏನ್ ಮಾಡ್ಲಿ?"

"ಫೋನಲ್ರೀ, ಆ್ಯಪ್. ಅದು ಟಿವಿಗಿಂತ ತಡಾ ಬರ್ತದ."

"ಹಂಗಾದ್ರ ಟಿವಿ ತಗೋರಿ."

"ಗೋಡಿ ನಿಮ್ಮದೊಂದ ಅಲ್ಲ."

"ಕಿವಿ ನಿಮ್ಮವು. ಹತ್ತಿ ಇಟ್ಕೋರಿ."

ಒದರಿ ಒದರಿ ಕೆಂಪಾದ ಅವಳ ಮುಖ, ಮೂಗಿನ ತುದಿಯಲ್ಲಿ ಜಾರದೆ ನಿಂತ ಬೆವರ ಹನಿ. ಬೈಯಲೆಂದು ಎತ್ತಿದ ಅವನ ಕಣ್ಣು ಆ ಹನಿಯ ಮೇಲೆ ಹೋಗಿ ಕೂತು ಬೈಯುವುದನ್ನೇ ಮರೆಯಿತು. ಅದು ಅವಳಿಗೆ ತಿಳಿಯಿತು. ತಿಳಿದದ್ದಕ್ಕೆ ಸಿಟ್ಟು ಇನ್ನಷ್ಟು ಏರಿ ಬಾಗಿಲನ್ನು ಅವನ ಮುಖಕ್ಕೇ ಹಾಕಿದಳು.

"ಯಾರವ್ವಾ?" ಒಳಗಿನಿಂದ ಅಪ್ಪ ಮಲಕಪ್ಪ ಕೇಳಿದ.

"ಪಕ್ಕದ ಮನೆಯಾವ. ಸಕ್ಕರಿ ಕೇಳಾಕ ಬಂದಿದ್ದ."

"ಕೊಟ್ಟೀಯೇನು?"

"ಚೆನ್ನಾಗಿ ಕೊಟ್ಟೆ."

ಮಲಕಪ್ಪನ ಕಣ್ಣು ಪೂರಾ ಹೋಗಿತ್ತು. ಇಳಕಲ್ಲಿನ ಸುತ್ತ ಅವನು ರೇಡಿಗೆ ಇಳಿದರೆ ಎದುರಿನ ಊರಿನವರು ಅಂಗಳದಲ್ಲೇ ಹಿಂದೆ ಸರಿಯುತ್ತಿದ್ದ ಕಾಲವೊಂದಿತ್ತು. ಕಣ್ಣಿನ ನರ ಒಣಗಿದ ಮೇಲೆ ಮಗಳು ತಾನು ದುಡಿಯುವ ಕಡೆಗೇ ಕರೆತಂದಳು. ಈ ಮಾಕಳಿಯ ವಠಾರದಲ್ಲಿ ಅವನಿಗೆ ಕಣ್ಣು ಕಾಣದ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಯಾರಾದರೂ ಏನಾದರೂ ಓದಲು ಕೊಟ್ಟರೆ "ಚಾಳೀಸ ಒಳಗ ಐತಿ" ಅನ್ನುತ್ತಿದ್ದ. ಗೆದ್ದು ಬಂದ ಮೈಯನ್ನು ಕಂಡು ಮಂದಿ ಅಯ್ಯೋ ಅನ್ನುವುದು ಅವನಿಗೆ ಬೇಡವಾಗಿತ್ತು. "ಯಾರಿಗೂ ಹೇಳಬ್ಯಾಡ" ಎಂದು ಮಗಳಿಂದ ಲಿಂಗದ ಮುಂದೆ ಮಾತು ತೆಗೆದುಕೊಂಡಿದ್ದ.

ಅವನ ಊರಿನಲ್ಲಿ ಒಂದು ರೂಢಿ. ಕಬಡ್ಡಿಗೆ ಮಂದಿ ಮುಗಿಬಿದ್ದಾಗ ಹಿಂದೆ ನಿಂತವರಿಗೆ ಆಟ ಕಾಣುತ್ತಿರಲಿಲ್ಲ. ಆಗ ಒಬ್ಬ ಬೇವಿನ ಮರ ಹತ್ತಿ ಆಟ ಹೇಳುತ್ತಿದ್ದ. ರೇಡರ್ ಹೇಗೆ ಒಂದೇ ಉಸಿರಿನಲ್ಲಿ ಹೋಗಿ ಬರಬೇಕೋ, ಹೇಳುವವನೂ ಹಾಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬೇಕು. ನಡುವೆ ಉಸಿರೆಳೆದರೆ ಕೇಳುವವರ ಪಾಲಿಗೆ ರೇಡರ್ ಅಲ್ಲೇ ಸತ್ತ. ಶಾಂಭವಿ ಈಗ ಅಪ್ಪನಿಗೆ ಟಿವಿಯ ಕಬಡ್ಡಿಯನ್ನು ಹಾಗೆಯೇ ಹೇಳುತ್ತಿದ್ದಳು. ಉಸಿರು ಮುಗಿಯುತ್ತ ಬಂದಂತೆ ದನಿ ತಾನಾಗಿಯೇ ಏರುತ್ತಿತ್ತು. ಗೋಡೆಯಾಚೆ ಹೋಗುತ್ತಿದ್ದದ್ದು ಆ ದನಿ.

ಟಿವಿಯವರ ಕಾಮೆಂಟರಿ ಸಾಲದೆ? ಸಾಲದು. ಅವರು "ವಾವ್, ಎಂಥಾ ರೇಡ್, ನೋಡಿ ನೋಡಿ" ಅನ್ನುತ್ತಾರೆ. ಏನನ್ನು ನೋಡಬೇಕೆಂದು ಹೇಳುವುದಿಲ್ಲ. ರೇಡರ್ ಗೆರೆ ದಾಟುವ ಹೊತ್ತಿಗೆ ಸ್ಟ್ಯಾಂಡಿನಲ್ಲಿ ಕೂತ ಸಿನಿಮಾದವರ ಮುಖ. ಹಿಡಿತ ಬಿಗಿಯಾಗುವ ಹೊತ್ತಿಗೆ ಪರದೆ ಕುಗ್ಗಿ ಸುತ್ತಲೂ ಪೇಂಟಿನ ಜಾಹೀರಾತು.

"ಮುಖ ಯಾಕ ತೋರಸ್ತಾರ ಇವರು?" ಮಲಕಪ್ಪ ಹಲ್ಲು ಕಡಿಯುತ್ತಿದ್ದ. "ಕಬಡ್ಡಿ ಪಾದದಾಗ ಐತಿ. ಕಾಲು ಎಲ್ಲಿ ಐತಿ ಹೇಳವ್ವಾ."

ಅವಳು ಹೇಳುತ್ತಿದ್ದಳು.

ಬಾಗಿಲ ಜಗಳವಾದ ವಾರದಲ್ಲೇ ಮನೆ ಮಾಲೀಕ ಲಕ್ಷ್ಮಯ್ಯ ಮೆಟ್ಟಿಲ ಬಳಿ ಅವಳನ್ನು ತಡೆದ.

"ನೋಡಮ್ಮಾ, ಪಕ್ಕದ್ ರೂಮಿನೋನು ಕಂಪ್ಲೇಂಟ್ ಮಾಡವ್ನೆ. ಹೆಣ್ಮಗಳು, ಇಂಗೆ ಕಿರುಚ್ಕೊಂಡ್ರೆ ಬೇರೇವ್ರು ಏನಂದ್ಕಂಡಾರು? ಸ್ವಲ್ಪ ಕಮ್ಮಿ ಮಾಡ್ಕಳಿ. ಇಲ್ಲಾಂದ್ರೆ ಬೇರೆ ಕಡೆ ನೋಡ್ಕಳಿ."

ಆ ಸಂಜೆ ಮೆಲ್ಲಗೆ ಹೇಳಿ ನೋಡಿದಳು. ಉಸಿರು ಹಿಡಿದರೆ ದನಿ ಏರುತ್ತದೆ, ದನಿ ಇಳಿಸಿದರೆ ಉಸಿರು ಸೋರುತ್ತದೆ. ಮಲಕಪ್ಪ ಸ್ವಲ್ಪ ಹೊತ್ತು ಕೇಳಿದ.

"ಯಾರರೆ ಏನರೆ ಅಂದ್ರೇನು?"

ಅವಳು ಸುಳ್ಳು ಹೇಳಲಾರದೆ ಟಿವಿಯ ದನಿ ಇಳಿಸಿದಳು.

"ಆರಿಸು. ಮಂದಿಗೆ ತ್ರಾಸ ಕೊಟ್ಟು ನನಗ ಆಟ ಬ್ಯಾಡ."

ಅಂದಿನಿಂದ ಅವನ ಸಂಜೆಯ ಲಿಂಗಪೂಜೆ ಉದ್ದವಾಗುತ್ತ ಹೋಯಿತು, ಮಾತು ಗಿಡ್ಡವಾಗುತ್ತ ಹೋಯಿತು. ಶಿವನ ಧ್ಯಾನಕ್ಕೂ ಮೂಲೆ ಹಿಡಿದು ಕೂಡುವುದಕ್ಕೂ ಇರುವ ಅಂತರ ಮಗಳಿಗೆ ತಿಳಿಯದೆ ಇರುತ್ತದೆಯೆ? ಅಪ್ಪ ತಾನಾಗಿ "ಹಚ್ಚು" ಅಂದಾನೇ ಎಂದು ದಿನವೂ ಕಾದಳು. ಅನ್ನಲಿಲ್ಲ.

ಒಂದು ಬೆಳಿಗ್ಗೆ ತುಮಕೂರು ರಸ್ತೆಯ ಬಸ್ ಸ್ಟಾಪಿನಲ್ಲಿ ಬಸಲಿಂಗ ಹತ್ತಿರ ಬಂದು ನಿಂತ. ತಲೆ ಬಾಚಿದ್ದ. ಹಣೆಯಲ್ಲಿ ವಿಭೂತಿ.

"ಟಿವಿ ಕೆಟ್ಟದೇನ್ರೀ? ನಿಮ್ಮ ದನಿ ಕೇಳಿ ಭಾಳ ದಿನ ಆತು."

ಶಾಂಭವಿ ನಿಧಾನವಾಗಿ ಅವನ ಕಡೆ ತಿರುಗಿದಳು. ಆ ತಿರುಗುವಿಕೆಯಲ್ಲೇ ಅವನ ನಗು ಅರ್ಧ ಕರಗಿತು.

"ಮಾಲಕಗ ಹೋಗಿ ಹೇಳಿದಾವರು ಯಾರು? ಬಾಗಲಾ ಬಡದ್ರಿ, ಜಗಳಾಡಿದ್ರಿ, ಅದು ನ್ಯಾಯ. ಹಿಂದಿಂದ ಹೋಗಿ ಚಾಡಿ ಹೇಳೋದು ಯಾವ ಗಂಡಸ್ತನ? ಆ ರೂಮಿನ್ಯಾಗ ಒಬ್ಬ ಮನಶ್ಯಾ ಅದಾನ. ಊರೂರು ಸುತ್ತಿ ಕಬಡ್ಡಿ ಆಡಿದಾಂವ. ಅವಗ ಈಗ ಕಣ್ಣು ಕಾಣಂಗಿಲ್ಲ. ನಾ ಒದರಿದ್ರ ಅಷ್ಟ ಅವಗ ಆಟ ಕಾಣ್ತಿತ್ತು. ಈಗ ಗ್ವಾಡಿಗೆ ಮುಖಾ ಹಾಕಿ ಕುಂತಾನ. ಆರಾಮಾಗಿ ನೋಡ್ರಿ ಇನ್ನ. ನಿಮ್ಮ ಆ್ಯಪ್ ಎಷ್ಟ ತಡಾ ಬಂದ್ರೂ ಅಡ್ಡಿ ಇಲ್ಲ."

ಸ್ಟಾಪಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬಸ್ ಹತ್ತಿ ಕಂಬಿ ಹಿಡಿದ ಮೇಲೆ ಅವಳಿಗೆ ಅರಿವಾಯಿತು. ಲಿಂಗದ ಮುಂದೆ ಕೊಟ್ಟ ಮಾತನ್ನು ನಡುಬೀದಿಯಲ್ಲಿ ಚೆಲ್ಲಿ ಬಂದಿದ್ದಳು. ಅವನ ಮೇಲಿನ ಸಿಟ್ಟು ತನ್ನ ಮೇಲೆಯೇ ಹೊರಳಿತು.

ಆ ದಿನವೇ ಬಸಲಿಂಗ ಲಕ್ಷ್ಮಯ್ಯನ ಬಳಿ ಹೋಗಿ ತನ್ನ ದೂರು ಹಿಂದಕ್ಕೆ ಪಡೆದ. "ನೀನೇ ಏಳ್ತೀಯ, ನೀನೇ ಬ್ಯಾಡ ಅಂತೀಯ, ತಲೆ ಸರಿ ಐತೇನೋ" ಎಂದು ಲಕ್ಷ್ಮಯ್ಯ ಬೈದದ್ದು ಇಡೀ ವಠಾರಕ್ಕೆ ಕೇಳಿಸಿತು. ಮಲಕಪ್ಪ ಮಾತ್ರ "ಹಚ್ಚು" ಅನ್ನಲಿಲ್ಲ.

ಅಂದದ್ದು ಫೈನಲ್ಲಿನ ದಿನ. ಸಂಜೆ ಪೂಜೆ ಬೇಗ ಮುಗಿಸಿ ಕೈ ಒರೆಸಿಕೊಳ್ಳುತ್ತ, "ಇವತ್ತು ಫೈನಲ್ ಅಲ್ಲೇನು? ನಮ್ಮ ಟೀಮ್ ಐತಂತ" ಎಂದ. ಶಾಂಭವಿ ರಿಮೋಟಿಗೆ ಓಡಿದಳು. ಟಿವಿಯಲ್ಲಿ ಕೋಟು ಹಾಕಿದವರು ಕೂತು ಹರಟುತ್ತಿದ್ದರು. ಕೆಳಗೆ ಒಂದು ಪಟ್ಟಿ ಹರಿಯುತ್ತಿತ್ತು: ಫೈನಲ್ ಪಂದ್ಯ ಆ್ಯಪಿನಲ್ಲಿ ಮಾತ್ರ. ಫೋನು ತೆಗೆದಳು. ನಿಮ್ಮ ಫೋನ್ ಹಳೆಯದು, ಈ ಆ್ಯಪ್ ಇದರಲ್ಲಿ ನಡೆಯುವುದಿಲ್ಲ ಎಂದು ಅದು ತಣ್ಣಗೆ ಹೇಳಿತು.

ರಿಮೋಟನ್ನು ಹಾಸಿಗೆಯ ಮೇಲೆ ಬೀಸಿ ಒಗೆದಳು. "ಸೀಜನ್ ತುಂಬ ಇಲ್ಲಿ ತೋರಿಸಿ ಕಡೀ ದಿನ ಕಸಗೊಂಡ ಹೋದ್ರು. ನೋಡೋ ಮಂದಿ ಅಂದ್ರ ದನಾ ಅಂತ ತಿಳಕೊಂಡಾರ."

"ಇರಲಿ ಬಿಡವ್ವಾ," ಎಂದ ಮಲಕಪ್ಪ. ಆ ದನಿಯನ್ನು ಕೇಳಲಾರದೆ ಅವಳು ಬಾಗಿಲು ತೆಗೆದಳು.

ಹೊರಗೆ ಬಸಲಿಂಗ ನಿಂತಿದ್ದ. ಬಾಗಿಲು ಬಡಿಯಲು ಎತ್ತಿದ ಕೈ ಎತ್ತಿದಂತೆಯೇ ಇತ್ತು.

"ಎಷ್ಟೊತ್ತಿಂದ ನಿಂತೀರಿ?"

"ಬಡೀಲೋ ಬ್ಯಾಡೋ ಅಂತ…"

"ಹೋದ ಸಲ ಬಾಗಲಾ ಮುರಿಯೋ ಹಂಗ ಬಡದಿದ್ರಿ."

"ಅವತ್ತು ನೀವು ಯಾರಂತ ಗೊತ್ತಿರಲಿಲ್ಲ."

"ಈಗ ಗೊತ್ತೇನು?"

ಅವನು ನೆಲ ನೋಡಿದ. ಆಮೇಲೆ ಅವಳ ಕೈಬಳೆ, ಆಮೇಲೆ ಭುಜ. ಕಣ್ಣಿನವರೆಗೆ ಬರುವ ಧೈರ್ಯ ಅಲ್ಲಿಗೆ ಮುಗಿದಿರಬೇಕು.

"ನನ್ನ ಸಿಟ್ಟು ಇಳದಿಲ್ಲ," ಎಂದಳು.

"ಇರಲ್ರೀ. ಟಿವಿಯೊಳಗ ಇವತ್ತು ಬರಂಗಿಲ್ಲಂತ, ಫೋನ್ ಹಿಡ್ಕೋರಿ. ಮ್ಯಾಚ್ ಚಾಲೂ ಆಗ್ಯದ. ನಾ ಹೊರಗ ಕೂಡ್ತೀನಿ."

"ಯಾರದು? ಒಳಗ ಕರಿಯವ್ವಾ," ಎಂದ ಮಲಕಪ್ಪ. "ಸಕ್ಕರಿ ಒಯ್ದಾಂವ ಅಲ್ಲೇನು?"

ತಂಬಿಗೆಗೆ ಒರಗಿಸಿ ಫೋನ್ ಇಟ್ಟರು. ಆ್ಯಪಿನಲ್ಲಿ ಹೊಸದಾಗಿ ಕನ್ನಡ ಕಾಮೆಂಟರಿ ಬಂದಿದೆ, ಮಷೀನೇ ಹೇಳುತ್ತದೆ ಎಂದು ಬಸಲಿಂಗ ಹುರುಪಿನಿಂದ ಒತ್ತಿದ. ಸಪಾಟು ದನಿಯೊಂದು ಶುರುವಾಯಿತು: "ಆಟಗಾರನು ಎದುರಾಳಿಯನ್ನು ಯಶಸ್ವಿಯಾಗಿ ಸ್ಪರ್ಶಿಸಿದ್ದಾನೆ."

"ಯಾರಿವ? ಮೈಯಾಗ ಉಸುರ ಇಲ್ಲ ಇವಗ."

"ಮಷೀನ್ ಅದ ರೀ ಯಜಮಾನ್ರ."

"ಸುಮ್ಮ ಕುಂದ್ರಾಕ ಹೇಳು ಅದಕ್ಕ."

ಬಸಲಿಂಗ ದನಿ ಆರಿಸಿದ. ಶಾಂಭವಿ ಒಂದು ಕ್ಷಣ ಗೋಡೆ ನೋಡಿದಳು. ಗೋಡೆಯಾಚೆ ಈಗ ಯಾರಿದ್ದರು? ಎದೆ ತುಂಬ ಗಾಳಿ ಎಳೆದುಕೊಂಡಳು.

"ಹೊಂಟಾನಪ್ಪಾ ಬಲಗಾಲು ಮುಂದ ಎಡಕ್ಕ ನೋಡಿ ಬಲಕ್ಕ ಹಾರಿದ ಕಾರ್ನರ್ ಹಿಂದ ಸರದ ಇಂವ ಬೆನ್ನ ಕೊಟ್ಟ ತಿರಗಿದ ಕೈ ಬೀಸಿದ ಮುಟ್ಟಿದ ಭುಜಾ ಮುಟ್ಟಿದ ಮೂರು ಮಂದಿ ಬಿದ್ರು ಮ್ಯಾಲ ಬೆರಳು ಗೆರೀ ಹತ್ರ ಗೆರೀ ಹತ್ರ ಗೆರೀ ಮ್ಯಾಲ."

ಮಲಕಪ್ಪನ ಪಾದ ತಾನಾಗಿಯೇ ನೆಲ ಸವರಿತು. ಎಷ್ಟೋ ದಿನದ ಮೇಲೆ ಅವನ ಮುಖಕ್ಕೆ ಬಣ್ಣ ಬಂತು. ಬಸಲಿಂಗ ಫೋನು ನೋಡುವುದನ್ನು ಬಿಟ್ಟು ಹೇಳುವವಳ ಕೊರಳಿನ ನರ ನೋಡುತ್ತಿದ್ದ. ಅವಳು ಉಸಿರು ಬಿಡದೆಯೇ ಕಣ್ಣಿನಿಂದ ಅವನನ್ನು ಗದರಿಸಿದಳು.

ಕಡೆಯ ರೇಡ್ ಬಂತು. ಎದುರಿನವನನ್ನು ಹಿಡಿದರೆ ಕಪ್ ನಮ್ಮದು, ಬಿಟ್ಟರೆ ಹೋಯಿತು. "ಬಂದಾನಪ್ಪಾ ಬೋನಸ್ ಗೆರಿ ಕಡೆ ಎಡಗಾಲು ಚಾಚಿ…" ಪರದೆ ನಿಂತಿತು. ನಡುವೆ ಒಂದು ಚಕ್ರ ತಿರುಗತೊಡಗಿತು. ಶಾಂಭವಿ ಉಸಿರು ಹಿಡಿದೇ ಇದ್ದಳು. ಕೆಳಗಿನ ಟೀ ಅಂಗಡಿಯಲ್ಲಿ ಹೋ ಎಂಬ ಗದ್ದಲ ಎದ್ದಿತು.

"ಏನಾತು?"

"ಗೆದ್ವಿ ಅನಸ್ತದ ರೀ," ಎಂದ ಬಸಲಿಂಗ.

"ಗೆದ್ದದ್ದ ಕೇಳಲಿಲ್ಲ ನಾ. ಹೆಂಗ ಹಿಡದ್ರು ಅದನ್ನ ಹೇಳು."

"ಕಾಣಲಿಲ್ರೀ. ನಿಮ್ಮ ಮುಂದ ಸುಳ್ಳು ಹೇಳಂಗಿಲ್ಲ."

ಚಿತ್ರ ಮರಳಿ ಬಂದಾಗ ಬಣ್ಣದ ಕಾಗದ ಹಾರುತ್ತಿತ್ತು. ಯಾರದೋ ಕೋಟು, ಯಾರದೋ ಕಪ್ಪು ಕನ್ನಡಕ, ನಡುವೆ ಜಾಹೀರಾತು. ರಿಪ್ಲೇ ತೋರಿಸಿದರು: ಬರೀ ಮುಖ. ಇನ್ನೊಂದು ಸಲ, ಮುಖ. ಶಾಂಭವಿಯ ಕಣ್ಣಿನಲ್ಲಿ ಸಿಟ್ಟಿನ ನೀರು ತುಂಬಿತು. ಕಟ್ಟಕಡೆಗೆ ಮೇಲಿನ ಕ್ಯಾಮೆರಾದ ನೋಟ ಒಂದೇ ಒಂದು ಸಲ ಬಂದು ಹೋಯಿತು. ಎರಡು ತಲೆಗಳು ಪರದೆಯ ಮೇಲೆ ಒಟ್ಟಿಗೆ ಬಗ್ಗಿದವು. ಅವಳು ಹೇಳಲು ಉಸಿರೆಳೆದುಕೊಂಡಳು.

ಅಷ್ಟರಲ್ಲಿ ಬಸಲಿಂಗ ಎದ್ದು ನಿಂತ. "ನಾ ಮಾಡಿ ತೋರಸ್ತೀನಿ ಯಜಮಾನ್ರ," ಎಂದವನು ನಾಲಿಗೆ ಕಚ್ಚಿಕೊಂಡ.

ಮಲಕಪ್ಪ ನಕ್ಕ. "ನನಗ ಕಣ್ಣಿಲ್ಲ ತಮ್ಮಾ. ನಿನಗ ಗೊತ್ತೈತಿ. ನಿನ್ನ ಕಾಲು ತಾ ಇಲ್ಲೆ."

"ಛೇ, ನೀವು ನನ್ನ ಕಾಲು ಮುಟ್ಟಬಾರದ್ರೀ. ಪಾಪ ಬರ್ತದ."

"ಅಂಗಳಕ್ಕ ಇಳದ ಮ್ಯಾಲ ಹಿರ್ಯಾ ಇಲ್ಲ, ಕಿರ್ಯಾ ಇಲ್ಲ. ತಾ."

ಬಸಲಿಂಗ ಕಣ್ಣು ಮುಚ್ಚಿ ಶಿವಶಿವಾ ಎಂದು ಎಡಗಾಲು ಚಾಚಿದ. ಮುದುಕನ ಬೆರಳುಗಳು ಹಿಮ್ಮಡಿ, ಪಾದ, ಹೆಬ್ಬೆರಳು ಎಲ್ಲವನ್ನೂ ಓದಿದವು. "ಹಿಂಗ ಚಾಚಿದ್ನಾ? ಹುಚ್ಚಪ್ಯಾಲಿ. ಯಾರು ಹಿಡದ್ರು?"

"ಕಾರ್ನರ್ ಹುಡುಗ," ಎಂದಳು ಶಾಂಭವಿ.

"ನೀ ಆಗು ಕಾರ್ನರ್."

ಅವಳು ಕುಕ್ಕರಗಾಲಲ್ಲಿ ಕೂತು, ನಿಧಾನವಾಗಿ ಮುಂದೆ ಬಾಗಿ ಬಸಲಿಂಗನ ಕಣಕಾಲು ಹಿಡಿದಳು. ಅಪ್ಪನ ಕೈ ಬಂದು ಅವಳ ಬೆರಳನ್ನು ತಡವಿತು. "ಒಂದ ಕೈಲೇನು?"

"ಎರಡೂ ಕೈಲೆ."

"ಹಂಗಾದ್ರ ಎರಡೂ ಕೈಲೆ ಹಿಡಿ."

ಹಿಡಿದಳು. ಬಸಲಿಂಗ ಬಗ್ಗಿ ಅವಳಿಗಷ್ಟೇ ಕೇಳುವಂತೆ ಏನೋ ಗೊಣಗಿದ.

"ಜೋರಾಗಿ ಹೇಳು," ಎಂದ ಮಲಕಪ್ಪ. "ಈ ಮನ್ಯಾಗ ಮೆಲ್ಲಗ ಹೇಳೋ ರೂಢಿ ಇಲ್ಲ."

ಬಸಲಿಂಗನ ಕಿವಿ ಕೆಂಪೇರಿತು. "ಈಕಿ ದನಿ ನಿಂತ ಮ್ಯಾಲ ನಾ ಒಂದ ಮ್ಯಾಚೂ ಪೂರಾ ನೋಡಿಲ್ರೀ. ಫೋನ್ ಹಚ್ಚಿ ಗೋಡಿಗೆ ಕಿವಿ ಕೊಟ್ಟು ಕೂಡ್ತಿದ್ದೆ. ತಪ್ಪು ನಂದು. ಬೈಲಿ, ಬಡೀಲಿ. ನನಗ ಈಕೀನ ಬೇಕು."

ಟಿವಿಯೂ ಫೋನೂ ತಮ್ಮ ಪಾಡಿಗೆ ಏನನ್ನೋ ಮಾರುತ್ತಿದ್ದವು. ಮಲಕಪ್ಪನ ಕೈ ಮಗಳ ಕೈಗಳ ಮೇಲೆಯೇ ಇತ್ತು.

"ರೇಡ್ ಮುಗೀತವ್ವಾ. ಬಿಡ್ತೀ ಏನು?"

"ಇಂವನ ಮ್ಯಾಲ ನನಗ ಇನ್ನೂ ಸಿಟ್ಟೈತಿ ಅಪ್ಪಾ."

"ನಾ ಕೇಳಿದ್ದು ಅದಲ್ಲ."

ಶಾಂಭವಿ ತಲೆ ಎತ್ತಿದಳು. ಈ ಸಲ ಅವನ ಕಣ್ಣು ಎಲ್ಲೂ ನಿಲ್ಲದೆ ನೇರ ಅವಳ ಕಣ್ಣಿಗೇ ಬಂದಿತ್ತು.

"ಬಿಡಂಗಿಲ್ಲ," ಎಂದಳು, ಇಡೀ ವಠಾರಕ್ಕೆ ಕೇಳುವ ಹಾಗೆ.