ಹದಿನೆಂಟು ತಿಂಗಳು ಮುಂದಕ್ಕೆ

ತಲೆ ಬೋಳಿಸಿಕೊಂಡು ಬಂದ ಹನ್ಸೊಲ್‌ನನ್ನು ಕಂಡು ನನಗೆ ಮೊದಲು ನಗು ಬಂತು. ಬೆನ್ನಿಗೇ ಅಳು ಬಂತು, ನುಂಗಿಕೊಂಡೆ. ಸೋಮವಾರ ಅವನು, ಕೊರಿಯಾದ ಎಲ್ಲ ಹುಡುಗರ ಹಾಗೆ, ಹದಿನೆಂಟು ತಿಂಗಳ ಕಡ್ಡಾಯ ಸೈನ್ಯದ ಸೇವೆಗೆಂದು ನೊನ್ಸಾನ್ ತರಬೇತಿ ಶಿಬಿರ ಸೇರಬೇಕು. ಎರಡು ವರ್ಷದಿಂದ ಅವನೆಂದರೆ ನನಗೆ ಪ್ರಾಣ. ಅವನಿಗೆ ಮಾತ್ರ ನಾನು ಕಾಲೇಜು ಕ್ಲಬ್ಬಿನ ಸೀನಿಯರ್, ಅಷ್ಟೇ ಅಂದುಕೊಂಡಿದ್ದೆ.

"ಏನೋ ಇದು, ಸುಲಿದ ಆಲೂಗಡ್ಡೆ ಥರ ಇದ್ದೀಯ!"

"ನಗಬೇಡಿ ಸೀನಿಯರ್. ಲ್ಯಾಪ್‌ಟಾಪ್ ತೆಗೀರಿ."

ಅವನು ಕಟ್ಟಿದ ಬ್ಲಾಕ್‌ಚೈನ್ ಆ್ಯಪನ್ನು ಅವನಿಲ್ಲದಾಗ ನಾನು ನೋಡಿಕೊಳ್ಳಬೇಕಿತ್ತು. ಅದರಲ್ಲಿ ಪತ್ರ ಬರೆದು ಬೀಗ ಹಾಕಿದರೆ, ಗೊತ್ತುಮಾಡಿದ ದಿನದವರೆಗೂ ಅದು ತೆರೆಯುವುದಿಲ್ಲ. ಒಮ್ಮೆ ಬರೆದದ್ದನ್ನು ಅಳಿಸಲಾಗದ, ಜನ ಬಳಸುವ ಚೈನ್ ಮೇಲೆ ಕೈ ಪಳಗಿಸಲಾದೀತೇ? ಅದಕ್ಕೇ ನನ್ನ ಲ್ಯಾಪ್‌ಟಾಪ್ ಒಳಗೇ ಪುಟ್ಟದೊಂದು ಚೈನ್ ಓಡಿಸಲು ಕೂತೆವು, ನಡುವೆ ಒಂದು ತಟ್ಟೆ ಕಿಂಬಾಪ್ ಅನ್ನದ ಸುರುಳಿ ಇಟ್ಟುಕೊಂಡು.

ಮೊದಲು ಯಾವುದೋ ಸಾಫ್ಟ್‌ವೇರ್‌ನ ಹಳೇ ವರ್ಷನ್ ಕೈಕೊಟ್ಟಿತು. ಆಮೇಲೆ ಚೈನ್‌ಗೆ ಲಾಗಿನ್ ಆಗುವ ವ್ಯಾಲೆಟ್ ಹೊರಗಿನ ನೆಟ್‌ವರ್ಕನ್ನೇ ಹಿಡಿದು ಕೂತಿತು.

"ನೆಟ್‌ವರ್ಕ್ ಬದಲಾಯಿಸಿ ಅಂದೆನಲ್ಲ!"

"ಗದರಬೇಡ್ವೋ, ಇನ್ನೂ ಸೈನ್ಯಕ್ಕೆ ಸೇರಿಲ್ಲ ನೀನು."

ಮೌಸ್ ಹಿಡಿಯಲು ಬಾಗಿದವನ ಕೈ ನನ್ನ ಕೈಗೆ ತಾಗಿತು. ಇಬ್ಬರೂ ತೆಗೆಯಲಿಲ್ಲ.

ಕೊನೆಗೂ ಓಡಿತು. ಪರದೆ ಮೇಲೆ ಅವನ ಕೋಡ್ ಜೊತೆಗೇ ಬಂದ ಒಂದೇ ಪತ್ರ, ಹದಿನೆಂಟು ತಿಂಗಳ ಬೀಗ. ಇಂಥ ಖಾಸಗಿ ಚೈನ್‌ನಲ್ಲಿ ಗಡಿಯಾರ ನಮ್ಮ ಕೈಯಲ್ಲೇ ಇರುತ್ತದೆ. ಪರೀಕ್ಷೆಗೆ ಹಾಕಿದ ಪತ್ರವೆಂದುಕೊಂಡು, ಒಂದು ಸಾಲು ಟೈಪ್ ಮಾಡಿ ಕಾಲವನ್ನು ಮುಂದಕ್ಕೆ ತಳ್ಳಿಬಿಟ್ಟೆ.

"ಅಯ್ಯೋ, ಬೇಡ!" ಎಂದು ಅವನು ಕೂಗುವಷ್ಟರಲ್ಲಿ ಪತ್ರ ತೆರೆದಿತ್ತು.

"ಯುರಿಮ್ ಸೀನಿಯರ್, ವಾಪಸ್ ಬಂದೆ. ಹೋಗುವಾಗಲೇ ಹೇಳಿದ್ದರೆ ನೀವು ಕಾಯಬೇಕಾಗುತ್ತಿತ್ತು. ನಿಮ್ಮನ್ನು ಕಟ್ಟಿಹಾಕಲು ಮನಸ್ಸು ಬರಲಿಲ್ಲ. ಈಗಲೂ ಒಬ್ಬರೇ ಇದ್ದರೆ ಕೇಳಿ: ನೀವೆಂದರೆ ನನಗೆ ತುಂಬಾ ಇಷ್ಟ."

ಪುಣ್ಯಾತ್ಮ, ಹುಸಿ ಪತ್ರ ಇರಬೇಕಾದ ಜಾಗದಲ್ಲಿ ನಿಜವಾದದ್ದನ್ನೇ ಮರೆತು ಬಿಟ್ಟಿದ್ದ. ಕಿವಿಯವರೆಗೂ ಕೆಂಪಾಗಿ ಕೂತ.

ನನಗೆ ಸಂತೋಷಕ್ಕಿಂತ ಮೊದಲು ಸಿಟ್ಟು ಬಂತು. "ನಾನು ಕಾಯ್ಬೇಕೋ ಬೇಡ್ವೋ ಅಂತ ತೀರ್ಮಾನ ಮಾಡೋಕೆ ನೀನ್ಯಾರೋ? ಒಂದು ಮಾತು ಕೇಳೋಕೆ ನಿಂಗೇನು ಧಾಡಿಯಾಗಿತ್ತು?"

"ಹುಡುಗ್ರು ಸೈನ್ಯದಲ್ಲಿದ್ದಾಗ ಎಷ್ಟೋ ಹುಡ್ಗೀರು ಅರ್ಧದಲ್ಲೇ ಬಿಟ್ಟು ಹೋಗ್ತಾರೆ ಸೀನಿಯರ್. ನೀವೂ ಹೋಗಿದ್ರೆ ನಾನು ತಡ್ಕೊಳ್ತಿರ್ಲಿಲ್ಲ."

ಕೋಡ್‌ನಿಂದ ಆ ಪತ್ರದ ಸಾಲುಗಳನ್ನೆಲ್ಲ ಅಳಿಸಿ, ಚೈನ್ ನಿಲ್ಲಿಸಿ ಮತ್ತೆ ಮೊದಲಿಂದ ಓಡಿಸಿದೆ. ಪರದೆ ಖಾಲಿಯಾಯಿತು.

"ನಾನೇನೂ ಓದಿಲ್ಲ. ಈಗ ಬಾಯಲ್ಲಿ ಹೇಳು."

ಮೂರು ಸಲ ಗಂಟಲು ಸರಿಮಾಡಿಕೊಂಡ. "ನೀವಂದ್ರೆ ನಂಗೆ ತುಂಬಾ ಇಷ್ಟ. ಕಾಯ್ತೀರಾ?"

"ಸೋಮವಾರ ಎಷ್ಟು ಗಂಟೆಗೆ ಹೊರಡೋದು?"

"ಒಂಬತ್ತಕ್ಕೆ. ಅಮ್ಮನೂ ಬರ್ತಾರೆ..."

"ಬರ್ಲಿ. ನಾನೂ ಬರ್ತೀನಿ. ನನ್ನನ್ನ ಏನಂತ ಪರಿಚಯ ಮಾಡಿಸ್ತೀಯ, ಅದನ್ನ ಯೋಚ್ನೆ ಮಾಡ್ಕೊಂಡ್ ಬಾ."

ಅವನು ಯೋಚನೆ ಮಾಡಲಿಲ್ಲ. ಅಲ್ಲೇ ಫೋನ್ ತೆಗೆದು ಕಿವಿಗಿಟ್ಟುಕೊಂಡ.

"ಅಮ್ಮಾ, ಸೋಮವಾರ ಕಾರಲ್ಲಿ ಇನ್ನೊಂದು ಸೀಟ್ ಇಟ್ಟಿರು. ನನ್ನ ಹುಡುಗಿ ಬರ್ತಾಳೆ."