ಹೊಲ ಬೈದರೆ ಬೆಳೆ ಬರುತ್ತದೆಯೇ?

ಬಸುರಿ ಸುಮಂಗಲಾಳ ಕುಬಸಕ್ಕೆ ಇರಕಲ್ಲಗಡದ ಅವಳ ತವರುಮನೆಯ ತುಂಬ ಹೆಂಗಸರು. ನಾದಿನಿಯ ಉಡಿ ತುಂಬಲು ದ್ರಾಕ್ಷಾಯಿಣಿ ಬೊಗಸೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು ಹಿಡಿದು ಎದ್ದಳು. ಅಷ್ಟರಲ್ಲೇ ಅತ್ತೆ ಶಿವಲಿಂಗಮ್ಮ ಅವಳ ಮೊಣಕೈ ಹಿಡಿದರು.

"ನೀ ಕುಂದ್ರವಾ. ಮಕ್ಕಳಾದೋರು ತುಂಬಲಿ."

ಬೊಗಸೆಯಿಂದ ನಾಲ್ಕು ಕಾಳು ಅಕ್ಕಿ ನೆಲಕ್ಕೆ ಉದುರಿದವು. ಕೂಡಬೇಕೋ, ಎದ್ದು ಓಡಬೇಕೋ... ಅವಳಿಗೆ ತಿಳಿಯಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಗಂಡ ಕಳಕೇಶನ ಕಡೆ ನೋಡಿದಳು. ಅವನು ತಲೆ ತಗ್ಗಿಸಿದ. ಈಚೆಗೆ ಹೀಗೇ... ರಾತ್ರಿಯಾದರೆ ಗೋಡೆಗೆ ಮುಖ, ಹಗಲು ಹೇಳದೆ ಕೇಳದೆ ಗಂಗಾವತಿಯ ಬಸ್ಸು. ಅತ್ತೆ ಎರಡನೇ ಮದುವೆಯ ಮಾತೆತ್ತಿದ್ದು ಅವಳ ಕಿವಿಗೂ ಬಿದ್ದಿತ್ತು. ಹೆಣ್ಣು ನೋಡಲಿಕ್ಕೇ ಹೋಗುತ್ತಾನೆ ಎಂದುಕೊಂಡು ಎಷ್ಟು ಅತ್ತಿದ್ದಳೋ!

ಆದರೆ ಈಗ ಕಳಕೇಶ ಸೀದಾ ಹೆಂಗಸರ ನಡುವೆ ಬಂದು ನಿಂತ.

"ಅವ್ವಾ, ಆಕೀ ಕೈ ಬಿಡು. ಕೊರತಿ ಆಕೀದಲ್ಲ, ನಂದು."

ಅವನು ಬೆವರುತ್ತಲೇ ಎಲ್ಲ ಹೇಳಿದ. ತನ್ನ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದರೆ ಗಂಡಸುತನ ಹೋಗುತ್ತದೆಂದು ಗೆಳೆಯ ಕಲ್ಲೇಶ ಹೆದರಿಸಿದ್ದ. ಅದನ್ನು ನಂಬಿ ಗುಳಿಗೆಗಳನ್ನೆಲ್ಲ ಗುಟ್ಟಾಗಿ ತಿಪ್ಪೆಗೆ ಎಸೆದಿದ್ದ. ಗಂಗಾವತಿಯ ಡಾಕ್ಟರು ಪರೀಕ್ಷೆ ಮಾಡಿ ಹೇಳಿದ್ದು ಬೇರೆಯೇ. ಕೆಡಿಸಿದ್ದು ಗುಳಿಗೆಯಲ್ಲ, ಹತೋಟಿ ತಪ್ಪಿದ ಸಕ್ಕರೆ. ವೀರ್ಯಾಣುಗಳು ಕಡಿಮೆಯಾಗಿದ್ದವು, ಇದ್ದವಕ್ಕೂ ಚಲಿಸುವ ಶಕ್ತಿ ಸಾಲದು. ಸಕ್ಕರೆ ಹತೋಟಿಗೆ ಬಂದರೆ ಕೆಲವು ತಿಂಗಳಲ್ಲಿ ಸುಧಾರಿಸಬಹುದು, ಆದರೆ ಖಾತ್ರಿ ಇಲ್ಲ.

"ಬೀಜದಾಗ ಕಸುವಿಲ್ಲಂದ್ರ ಹೊಲಾ ಬೈದು ಏನ್ ಬಂತವ್ವಾ?"

ದ್ರಾಕ್ಷಾಯಿಣಿಯ ಕಣ್ಣು ತುಂಬಿದವು. ಗಂಗಾವತಿಯಲ್ಲಿ ಹೆಣ್ಣಿರಲಿಲ್ಲ, ಡಾಕ್ಟರಿದ್ದರು! ಗಂಡಸರು ಮುಚ್ಚಿಟ್ಟು ಸಾಯುವ ಮಾತನ್ನು ತನ್ನ ಗಂಡ ಊರ ಹೆಂಗಸರೆದುರು ಹೇಳಿದ್ದಾನೆ, ತನಗಾಗಿ. ಅವಳು ತಲೆ ಎತ್ತಿ ನಿಂತಳು.

ಸುಮಂಗಲಾ ಸೆರಗೊಡ್ಡಿದಳು. "ವೈನಿ, ನೀವ ಮೊದ್ಲ ತುಂಬ್ರಿ."

ಶಿವಲಿಂಗಮ್ಮ ಸೊಸೆಯ ಮೊಣಕೈ ಬಿಟ್ಟು ಪಕ್ಕಕ್ಕೆ ಸರಿದರು. ಬೊಗಸೆಯ ಅಕ್ಕಿ ಒಂದು ಕಾಳೂ ಚೆಲ್ಲದೆ ನಾದಿನಿಯ ಉಡಿ ಸೇರಿತು.

ಸಂಜೆ ಹಿತ್ತಲಲ್ಲಿ ದ್ರಾಕ್ಷಾಯಿಣಿ ಗಂಡನನ್ನು ಹಿಡಿದು ನಿಲ್ಲಿಸಿದಳು.

"ನನಗ ಮೊದ್ಲ ಹೇಳಾಕ ಏನಾಗಿತ್ತು?"

"ನಾಚಿಕಿ... ನೀ ಬಿಟ್ಟು ಹೋದಿ ಅಂತ ಅಂಜಿಕಿ." ಅವನು ತಡವರಿಸಿದ. "ಮುಂದೂ ಮಕ್ಕಳಾಗ್ಲಿಲ್ಲಂದ್ರ?"

"ಆಗ್ಲಿಲ್ಲಂದ್ರೂ, ಇಂಥಾ ಗಂಡಸು ನನ್ನ ಗಂಡ ಅಂತ ಊರ ತುಂಬ ಹೇಳ್ಕೋತ ಅಡ್ಡಾಡ್ತೀನಿ."

ಅವನು ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಅವಳು ಅವನ ಜೇಬಿನಿಂದ ಡಾಕ್ಟರು ಕೊಟ್ಟ ಗುಳಿಗೆ ತೆಗೆದು, ಅಂಗೈ ಬಿಡಿಸಿ ಇಟ್ಟಳು.

"ಮೊದ್ಲ ಇದನ್ನ ನುಂಗ್ರಿ, ನನ್ನ ಕಣ್ಣೆದುರಿಗೆ."

"ಮತ್ತ ನನ್ನ ಪಾಲಿನ ಹೋಳಿಗಿ?"

"ಅದನ್ನ ಆಗಳೇ ತಿಂದೀನ್ರಿ."